ನಮ್ಮ ನಗಿಗಾಡಿ

ನಿನ್ನೆ ಮಾಳಿಗೆ ಮೇಲಿನ ನೀರಿನ ಟಾಕಿ ಸೀಳು ಬಿಟ್ಟಿತ್ತು. ರಿಪೇರಿಗೆ ಬಂದವನು ಸೀಳಿನ ಮೇಲೆ ಗಾಜಿನ ಎಳೆಯ ಬಿಳಿ ಬಟ್ಟೆ ಹಾಸಿ, ಡಬ್ಬಿಯೊಳಗಿನ ಅಂಟನ್ನು ಬ್ರಶ್ಶಿನಿಂದ ಬಳಿಯತೊಡಗಿದ. ಉಗುರಿಗೆ ಹಚ್ಚುವ ಬಣ್ಣದ ಬಾಟಲಿಯನ್ನು ನೂರು ಪಟ್ಟು ದೊಡ್ಡದು ಮಾಡಿ ಮುಚ್ಚಳ ತೆಗೆದರೆ ಎಂಥ ವಾಸನೆ ಬಂದೀತೋ ಅಂಥ ವಾಸನೆ. ಒಣಹಾಕಿದ ಸೀರೆ ತೆಗೆಯಲು ಹೋದ ನಾನು ಅಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟೆ.

“ಅಕ್ಕಾರ, ದೂರ ಸರೀರಿ. ಈ ವಾಸನಿಗೆ ತಲಿ ತಿರಗತೈತಿ,” ಅಂದ ಅವನು.

“ತಿರಗಲಿ ಬಿಡಪಾ, ಭಾಳ ವರ್ಷ ಆತು ತಿರಗಿ,” ಅಂದೆ.

ಅವನು ನನ್ನನ್ನು ಒಂದು ಥರಾ ನೋಡಿದ. ಅವನ ತಪ್ಪೇನಿಲ್ಲ. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ಕನ್ನಡಕ ಹಾಕುವ, ನಲವತ್ತು ದಾಟಿದ ಹೆಂಗಸು ನಾನು. ಈಕೆ ಒಂದು ಕಾಲಕ್ಕೆ ಕಾರಿನ ಮುಂದಿನ ಎರಡೂ ಗಾಲಿಗಳನ್ನು ಆಕಾಶಕ್ಕೆ ಎತ್ತಿದವಳು ಎಂದರೆ ಯಾರು ನಂಬುತ್ತಾರೆ? ನೀವಾದರೂ ನಂಬುತ್ತೀರೋ ಇಲ್ಲವೋ. ಬರ್ರಿ, ಕುಂದರ್ರಿ, ಹೇಳ್ತೇನಿ.

ಹದಿನಾರು ವರ್ಷದ ಹಿಂದಿನ ಮಾತು. ಹಾನಗಲ್ಲಿನಿಂದ ಮದುವೆಯಾಗಿ ಈ ಊರಿಗೆ ಬಂದಿದ್ದೆ. ನಮ್ಮ ಮನೆಯವರು ಸವಣೂರು ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು; ಟ್ರ್ಯಾಕ್ಟರಿನ ಟ್ರೇಲರ್ ಮಾಡುವುದು ಅವರ ಕಸುಬು. ಅಂಗಡಿಯ ಹಿಂದೆಯೇ ಮನೆ, ಮನೆಯ ಪಕ್ಕ ಎಮ್ಮೆಯ ಕೊಟ್ಟಿಗೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಗಂಗವ್ವ. ಅತ್ತೆ ಸಾಲಿಯ ಕಟ್ಟೆ ಹತ್ತಿದವರಲ್ಲ. ಆದರೆ ಮಾವ ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಲವನ್ನು ಒಬ್ಬರೇ ಮಾಡಿದವರು, ಚಕ್ಕಡಿ ಹೊಡೆದವರು, ಎತ್ತಿನ ಮೂಗುದಾರವನ್ನು ಸ್ವತಃ ಹಾಕಿದವರು. ನಾನೋ, ಬಿ.ಎಸ್ಸಿ. ಫಸ್ಟ್ ಕ್ಲಾಸ್. ಈ ಫಸ್ಟ್ ಕ್ಲಾಸನ್ನು ಯಾರೂ ಕೇಳದಿದ್ದರೂ ಹೇಳುವ ಚಟ ಆಗ ನನಗಿತ್ತು. ಈಗಲೂ ಹೇಳಿದೆ ನೋಡಿ.

ಮದುವೆಯಾದ ಎರಡನೇ ವಾರವೇ ನಾನೊಂದು ತಪ್ಪು ಮಾಡಿದೆ. ಚಳಿಗಾಲದ ಮುಂಜಾನೆ, ಬೀಗರು ಬಂದು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಕುಳಿತಿದ್ದರು. ಚಳಿಯಲ್ಲಿ ಬಾವಿಯ ನೀರು ಯಾಕೆ ಬೆಚ್ಚಗಿರುತ್ತದೆ ಎಂದು ಯಾರೋ ಕೇಳಿದರು. “ಭೂಮ್ತಾಯಿ ಥಂಡಿಗೆ ಉಸರ ಬಿಗಿ ಹಿಡಿದಿರ್ತಾಳ, ಅದಕ್ಕ,” ಅಂದರು ಅತ್ತೆ. ನಾನು ಖೊಳ್ಳನೆ ನಕ್ಕೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. “ಹಂಗಲ್ರಿ ಅತ್ತಿ” ಎಂದು ಶುರು ಮಾಡಿ, ಹೊರಗಿನ ಗಾಳಿ, ಒಳಗಿನ ಉಷ್ಣತೆ ಎಂದು ಪಾಠವನ್ನೇ ಹೇಳಿದೆ. ಬೀಗರೂ ನಕ್ಕರು. ಅತ್ತೆ ಖಾಲಿ ತಾಟುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋದರು.

ಆವತ್ತಿನಿಂದ ಅವರು ನನ್ನೊಂದಿಗೆ ನೇರ ಮಾತಾಡಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಮಗ ಎದುರಿಗಿದ್ದರೆ “ನಿನ್ನ ಹೇಣ್ತಿಗೆ ಹೇಳು, ಹಾಲು ಉಕ್ಕಾಕತ್ತೈತಿ” ಅನ್ನುವರು. ಮಗ ಇಲ್ಲದಿದ್ದರೆ ಎಮ್ಮೆಗೆ ಹೇಳುವರು. “ಕೆಲವ್ರು ರೊಟ್ಟಿ ಬಡಿದ್ರ ಭಾರತದ ನಕಾಶಿ ಆಗತೈತಿ ನೋಡವಾ,” ಎಂದು ಅವರು ಹಿಂಡಿ ಕಲಸುತ್ತ ಹೇಳಿದರೆ ಎಮ್ಮೆ ತಲೆಯಾಡಿಸುತ್ತಿತ್ತು. ಕಿಟಕಿಯ ಆಚೆ ನಿಂತ ನಾನು ಮುಂದಿನ ರೊಟ್ಟಿಯನ್ನು ದುಂಡಗೆ ಮಾಡಲು ಹೆಣಗುತ್ತಿದ್ದೆ. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಫಸ್ಟ್ ಕ್ಲಾಸು ಗಂಟಲಲ್ಲಿ ಅಡ್ಡ ನಿಲ್ಲುತ್ತಿತ್ತು.

ಇಂಥದರಲ್ಲಿ ನಮ್ಮ ಮನೆಯವರ ತಲೆಗೆ ಕಾರಿನ ಹುಚ್ಚು ಹತ್ತಿತು. ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿಯ ಗ್ಯಾರೇಜಿನವರೆಲ್ಲ ಸೇರಿ, ಬೇಸಿಗೆಯಲ್ಲಿ ಹಿರೇಬೆಂಡಿಗೇರಿ ಕಡೆಯ ಬತ್ತಿದ ಕೆರೆಯಂಗಳದಲ್ಲಿ ಗಾಡಿಗಳ ಓಟ ಇಟ್ಟುಕೊಂಡಿದ್ದರು. ತಿರುವಿಲ್ಲ, ಸುತ್ತಿಲ್ಲ, ನೆಟ್ಟಗೆ ಎರಡು ಫರ್ಲಾಂಗ್. ಒಂದು ಸಲಕ್ಕೆ ಎರಡು ಗಾಡಿ, ಮೊದಲು ಮುಟ್ಟಿದವರು ಗೆದ್ದಂತೆ. ಸವಣೂರಿನ ಡಾಕ್ಟರೊಬ್ಬರ ಹಿತ್ತಲಲ್ಲಿ ಕೋಳಿ ಮಲಗುತ್ತಿದ್ದ ಒಂದು ಹಳೇ ಕಾರನ್ನು ಇವರು ಎಳೆದುತಂದರು. ಜೊತೆಗೆ ಗೆಳೆಯ ಮೌಲಾಲಿಯನ್ನೂ ಕರೆತಂದರು.

ಮೌಲಾಲಿ ಸವಣೂರಿನವನು, ಫೈಬರಿನ ಗೊಂಬೆ ಮಾಡುವ ಕಲಾವಿದ. ಗೊಟಗೋಡಿಯ ಗೊಂಬೆಗಳ ತೋಟದಲ್ಲಿ ಕೈ ಪಳಗಿಸಿಕೊಂಡು, ಉದ್ಯಾನಗಳಿಗೆ ಜಿಂಕೆ, ಹೋಟೆಲಿನ ಬಾಗಿಲಿಗೆ ಪೇಟ ಸುತ್ತಿದ ದ್ವಾರಪಾಲಕ, ಎಲ್ಲ ಮಾಡಿಕೊಡುತ್ತಿದ್ದ. “ತಗಡು ಯಾಕ್ರಿ ಭಾರ? ನಾ ಫೈಬರಿನಾಗ ಒಂದ ಮೈ ಎರದು ಕೊಡ್ತೇನಿ. ಇಬ್ಬರು ಎತ್ತಿದ್ರ ಹೂ ಎತ್ತಿದಂಗ,” ಅಂದ. ಒಂದು ವಾರ ನಮ್ಮ ಅಂಗಳವೆಲ್ಲ ಆ ಅಂಟಿನ ವಾಸನೆ. ಸಾರಿಗೂ ಅದೇ, ಮಜ್ಜಿಗೆಗೂ ಅದೇ. ಕೊನೆಗೆ ಕಾರಿನ ಇಡೀ ಮೈ ಒಂದೇ ಚಿಪ್ಪಾಗಿ ತಯಾರಾಯಿತು. ಹಿಂದೆ ಕೀಲು, ಮುಂದಿನಿಂದ ಎತ್ತಿದರೆ ಟ್ರಂಕಿನ ಮುಚ್ಚಳದಂತೆ ಮೇಲೇಳುವುದು. ಅದಕ್ಕೆ ನಾವು ಟೊಪ್ಪಿಗೆ ಎಂದೇ ಹೆಸರಿಟ್ಟೆವು.

ಎಲ್ಲ ಸರಿ, ಗಾಡಿ ಓಡಲೊಲ್ಲದು. ಓಡುತ್ತಿರಲಿಲ್ಲ ಎಂದಲ್ಲ, ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿ ಧೂಳೆಬ್ಬಿಸುತ್ತಿದ್ದವು. ಗಾಡಿ ಬಸುರಿಯಂತೆ ನಿಧಾನ ಹೆಜ್ಜೆ ಇಡುತ್ತಿತ್ತು. ಆಗ ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ. ಜೋರಾಗಿ ಹೊರಟ ಗಾಡಿಯ ಮೂತಿ ಮೇಲೇಳುತ್ತದೆ, ಆದ್ದರಿಂದ ಮೂತಿಗೆ ಭಾರ ಕಟ್ಟಬೇಕು ಎಂದು ತೀರ್ಪು ಕೊಟ್ಟೆ. ಇಬ್ಬರು ಗಂಡಸರೂ ವಿನಯದಿಂದ ಎರಡು ದೊಡ್ಡ ಕಲ್ಲು ತಂದು ಮುಂದೆ ಕಟ್ಟಿದರು. ಗಾಲಿಗಳು ಈಗ ಇನ್ನೂ ಜೋರಾಗಿ ತಿರುಗಿ ಅಂಗಳದಲ್ಲಿ ಎರಡು ತಗ್ಗು ತೋಡಿದವು. ತೆಂಗಿನ ಸಸಿ ನೆಡುವಷ್ಟು ಆಳ.

ಕೊಟ್ಟಿಗೆಯಿಂದ ಅತ್ತೆಯ ದನಿ ಬಂತು. ಎಮ್ಮೆಯ ಜೊತೆ ಮಾತು.

“ಚಕ್ಕಡಿಗೆ ಹೇರು ಹೇರೂದು ಗೊತ್ತಿಲ್ಲದವ್ರು ಕಾರು ಮಾಡಾಕ ಹೊಂಟಾರ ನೋಡವಾ. ಹೇರೆಲ್ಲಾ ನೊಗದ ಕಡೆ ಹಾಕಿದ್ರ ಎತ್ತಿನ ಹೆಗಲು ಮುರಿತೈತಿ, ಗಾಲಿ ಹಗೂರ ಆಗತೈತಿ. ಹೇರು ಅಚ್ಚಿನ ಮ್ಯಾಲ ಬರಬೇಕಲ್ಲಾ?”

ನಮ್ಮ ಮನೆಯವರು ಕೊಟ್ಟಿಗೆಯ ಕಡೆ ತಿರುಗಿ, “ಅವ್ವಾ, ಎಂಜಿನ್ನು ಮುಂದ ಐತಿ. ಆ ಹೇರು ಹಿಂದ ಹೆಂಗ ತರೂದು?” ಎಂದು ಕೇಳಿದರು.

“ಹೇರು ಸರಿಲಿಲ್ಲಂದ್ರ ಅಚ್ಚು ಸರಸಬೇಕು. ಹೌದಿಲ್ಲವಾ?” ಅಂದರು ಅತ್ತೆ, ಎಮ್ಮೆಗೆ.

ಗೋಡೆಯ ಮೇಲಿನ ನನ್ನ ಚಿತ್ರ ನೋಡಿದೆ. ಬಾಣವನ್ನು ಉಲ್ಟಾ ಬರೆದಿದ್ದರೆ ಅತ್ತೆಯ ಮಾತೇ ಆಗುತ್ತಿತ್ತು. ನೀರು ಹಾಕಿ ಅಳಿಸಿದೆ.

ಮರುದಿನದಿಂದ ಕೆಲಸ ಶುರುವಾಯಿತು. ಹಿಂದಿನ ಅಚ್ಚನ್ನು ಒಂದೂವರೆ ಮೊಳ ಮುಂದೆ ತಂದರು. ಹಾಗೆ ಮಾಡಿದರೆ ಗಾಡಿ ಗಿಡ್ಡಾಗಿ ಪಲ್ಟಿ ಹೊಡೆದೀತೆಂದು ಮುಂದಿನ ಗಾಲಿಗಳನ್ನೂ ಮೂತಿಯ ತುದಿಗೆ ಸರಿಸಿದರು. ಈ ಒಂದು ಸಲಹೆ ನನ್ನದು, ದಯವಿಟ್ಟು ಗಮನಿಸಬೇಕು. ಟೊಪ್ಪಿಗೆ ಹಾಕಿ ನಿಲ್ಲಿಸಿದಾಗ ಗಾಡಿಯ ಹಿಂಭಾಗವೆಲ್ಲ ಗಾಲಿಯ ಆಚೆ ಜೋತುಬಿದ್ದಿತ್ತು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನಕ್ಕರು. ಕೂತ ನಾಯಿ ಅಂದರು, ಮೊಟ್ಟೆ ಇಡುವ ಕೋಳಿ ಅಂದರು. ಎದುರಿನ ಚಹಾದಂಗಡಿಯವನು “ನಿಮ್ಮ ನಗಿಗಾಡಿ ಬಂದಾಗಿಂದ ನನ್ನ ಯಾಪಾರ ಜೋರಾಗೈತ್ರಿ” ಎಂದ. ಹೆಸರು ಅದೇ ನಿಂತಿತು. ನಮ್ಮ ಮನೆಯವರು ಮಾತ್ರ ಎರಡು ದಿನ ಅಂಗಡಿಯ ಅರ್ಧ ಬಾಗಿಲು ಮುಚ್ಚಿಕೊಂಡೇ ಕೆಲಸ ಮಾಡಿದರು. ಟ್ರೇಲರ್ ಮಾಡಿಸಲು ಬಂದ ಒಬ್ಬ ರೈತ ಕಾರನ್ನು ನೋಡಿ, ಮನೆಯಲ್ಲಿ ಕೇಳಿ ಬರ್ತೇನಿ ಎಂದು ಹೋದವನು ತಿರುಗಿ ಬರಲಿಲ್ಲ. “ಈ ಓಟದಾಗ ಇದು ಓಡಲಿಲ್ಲಂದ್ರ ಸೋಮವಾರದಿಂದ ಮತ್ತ ಟ್ರೇಲರ್ ಅಷ್ಟ, ಬ್ಯಾರೆ ಹುಚ್ಚಾಟ ಬಂದ್,” ಎಂದು ಅತ್ತೆಯಿಂದ ಎಮ್ಮೆಗೆ ಫರ್ಮಾನಾಯಿತು.

ಇನ್ನೊಂದು ವಿಷಯ ಓಟದ ದಿನ ಗೊತ್ತಾಯಿತು. ಮೌಲಾಲಿ ಗೊಂಬೆಯ ಕಣ್ಣಳತೆಯಲ್ಲಿ ಟೊಪ್ಪಿಗೆ ಮಾಡಿದ್ದ. ಕೆರೆಯಂಗಳದಲ್ಲಿ ನಮ್ಮ ಮನೆಯವರು ಒಳಗೆ ಕುಳಿತು ಟೊಪ್ಪಿಗೆ ಮುಚ್ಚಲು ಹೋದರೆ ಅವರ ತಲೆ ಬಡಿಯಿತು. ಕತ್ತು ಓರೆ ಮಾಡಿದರು, ದಾರಿ ಕಾಣಲಿಲ್ಲ. ಮೌಲಾಲಿ ಅವರಿಗಿಂತ ಒಂದು ಗೇಣು ಉದ್ದ. ಇಬ್ಬರೂ ನನ್ನತ್ತ ನೋಡಿದರು. ನಾನು ಆಗಲೂ ಈಗಲೂ ನಾಲ್ಕು ಅಡಿ ಹನ್ನೊಂದು ಇಂಚು. ಹಾನಗಲ್ಲಿನ ನಮ್ಮ ಗದ್ದೆಯಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದವಳು ನಾನು, ಅದನ್ನೂ ಯಾರೂ ಕೇಳದೆಯೇ ಎಲ್ಲರಿಗೂ ಹೇಳಿಟ್ಟಿದ್ದೆ. ಇನ್ನು ತಪ್ಪಿಸಿಕೊಳ್ಳುವುದು ಎಲ್ಲಿ? ತಲೆಗೆ ಟವೆಲು ಸುತ್ತಿ, ಅದರ ಮೇಲೆ ಗಂಡನ ಹೆಲ್ಮೆಟ್ಟನ್ನು ಕೂಡಿಸಿಕೊಂಡು ಒಳಗೆ ತೂರಿದೆ.

ಮೊದಲ ಓಟ ಹಾನಗಲ್ಲಿನ ವ್ಯಾನಿನ ಜೊತೆ. ನನ್ನ ತವರೂರಿನ ವ್ಯಾನು, ಪಾಪ, ಅರ್ಧ ದಾರಿಗೇ ಹೊಗೆ ಬಿಟ್ಟು ಕುಳಿತಿತು. ನಾವು ಆರಾಮಾಗಿ ಗೆದ್ದೆವು. ಹಿಡಿತಕ್ಕೆಂದು ಮೌಲಾಲಿ ಹಿಂದಿನ ಅಚ್ಚಿನ ಮೇಲೆ ಎರಡು ಮರಳಿನ ಚೀಲ ಬೇರೆ ಇಟ್ಟಿದ್ದ. ಕೊನೆಯ ಓಟ ಹಿರೇಕೆರೂರಿನ ಬೀಜದಂಗಡಿಯ ಗುರುಶಾಂತಪ್ಪನ ಜೀಪಿನ ಎದುರು. ಗುರುಶಾಂತಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗತ್ತಿನ ಮನುಷ್ಯ. ಜೀಪಿನಿಂದ ಇಳಿದು ಬಂದು ನಮ್ಮ ಗಾಡಿಯನ್ನು ಬಗ್ಗಿ ನೋಡಿ, “ಮಾಸ್ತರ್ರ, ಇವ್ರು ಚೀಲ ಹೇರ್ಯಾರ್ರಿ. ಹೇರು ಹಾಕಂಗಿಲ್ಲ ಅಂತ ಐತಿ,” ಎಂದರು. ತೀರ್ಪುಗಾರರು ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು, ಕೊರಳಲ್ಲಿ ಸೀಟಿ, ಕೈಯಲ್ಲಿ ನೋಟುಬುಕ್ಕು. ಪುಟ ತಿರುವಿದರು. “ಹೌದು. ಕಲ್ಲು, ಚೀಲ, ಕಬ್ಬಿಣ ಹೇರಂಗಿಲ್ಲ. ಇಳಸ್ರಿ.”

ಚೀಲ ಇಳಿದವು. ನಾನು ಒಳಗೆ ಕುಳಿತೇ ಎಲ್ಲ ಕೇಳಿಸಿಕೊಂಡೆ. ಆ ಒಣಗಿದ ಕೆರೆಯ ನೆಲ ನಯವಾಗಿತ್ತು, ಅಚ್ಚು ಸರಿಸಿದ್ದಷ್ಟೇ ಸಾಲದು. ಚೀಲವಿಲ್ಲದೆ ಗಾಲಿಗಳು ಮತ್ತೆ ನಿಂತಲ್ಲೇ ತಿರುಗುವವು ಎಂದು ಗೊತ್ತಿತ್ತು. ನೆರೆದ ಜನ ಆಗಲೇ ನಗುತ್ತಿದ್ದರು. ನಮ್ಮ ಮನೆಯವರ ಮುಖ ನೋಡಲಾಗಲಿಲ್ಲ.

ಆಗ ಜನರ ನಡುವಿನಿಂದ ಅತ್ತೆ ಬಂದರು. ಮಾಸ್ತರರ ಮುಂದೆ ನಿಂತರು.

“ಮನಷ್ಯಾರು ಹತ್ತಬಾರದು ಅಂತ ಬರದೈತೇನ್ರಿ ನಿಮ್ಮ ಬುಕ್ಕಿನ್ಯಾಗ?”

ಮಾಸ್ತರರು ಮುಂದಿನ ಪುಟ ನೋಡಿದರು, ಹಿಂದಿನ ಪುಟ ನೋಡಿದರು. “ಇಲ್ರೆವಾ. ಹಂಗೇನಿಲ್ಲ.”

“ಮತ್ತ ಸರೀರಿ,” ಎಂದವರೇ ಅತ್ತೆ ಕಚ್ಚೆಯನ್ನು ಬಿಗಿ ಮಾಡಿ, ಸೆರಗನ್ನು ತಲೆಗೆ ಸುತ್ತಿ ಗಂಟು ಹಾಕಿ, ಗಾಡಿ ಹತ್ತಿ ನನ್ನ ಬೆನ್ನ ಹಿಂದೆ, ಸರಿಯಾಗಿ ಅಚ್ಚಿನ ಮೇಲೆ ತಲೆ ಬಗ್ಗಿಸಿ ಕುಳಿತರು. ಎರಡೂ ಕೈಯಿಂದ ಕಬ್ಬಿಣದ ಅಡ್ಡಪಟ್ಟಿ ಹಿಡಿದರು. ಮೌಲಾಲಿ ಟೊಪ್ಪಿಗೆ ಮುಚ್ಚಿ, ಮುಂದೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿದ. ಒಳಗೆ ಕತ್ತಲು, ಅಂಟಿನ ವಾಸನೆ, ನಾವಿಬ್ಬರು. ಆರು ತಿಂಗಳಲ್ಲಿ ಅಷ್ಟು ಹತ್ತಿರ ನಾವು ಕುಳಿತದ್ದೇ ಇಲ್ಲ. ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಏನಾದರೂ ಅನ್ನಬೇಕೆನ್ನಿಸಿತು. ಅಷ್ಟರಲ್ಲಿ ಎಂಜಿನ್ ಗುಡುಗಿತು, ಮಾಸ್ತರರ ಕೆಂಪು ಟವೆಲು ಕೆಳಗೆ ಬಂತು.

ಮುಂದಿನದನ್ನು ಹೇಗೆ ಹೇಳಲಿ? ಕಾಲು ಒತ್ತಿದೆ. ಗಾಲಿ ತಿರುಗಲಿಲ್ಲ, ಕಚ್ಚಿತು. ಕಚ್ಚಿದ್ದೇ ಗಾಡಿಯ ಮೂತಿ ಮೇಲೆದ್ದಿತು. ಎದುರಿಗಿದ್ದ ಕೆರೆಯ ಏರಿ, ಜಾಲಿಯ ಗಿಡ, ಜನ ಎಲ್ಲ ಕೆಳಗೆ ಜಾರಿ ಹೋಗಿ ಬರೀ ಆಕಾಶ ಕಂಡಿತು. ಒಂದು ಹದ್ದು ಹಾರುತ್ತಿತ್ತು, ಅದೂ ಕಂಡಿತು. ನಾನು ಹೆದರಿ ಕಾಲು ಎತ್ತಲು ಹೋದೆ.

“ಬಿಡಬ್ಯಾಡಾ!” ಹಿಂದಿನಿಂದ ಅತ್ತೆ ಕೂಗಿದರು. “ಹೊಡಿಯ ಹುಡುಗೀ, ಹೊಡಿ! ಹೊಡಿ!”

ನನಗೇ ಹೇಳಿದ್ದು! ಮಗನಿಗಲ್ಲ, ಎಮ್ಮೆಗಲ್ಲ. ಅಂಥ ವೇಳೆಯಲ್ಲೂ ಅದು ನನ್ನ ತಲೆಗೆ ಹೊಳೆಯಿತು. ಕಾಲು ಒತ್ತಿದೆ. ಮುಂದಿನ ಗಾಲಿಗಳು ಧಪ್ಪನೆ ನೆಲಕ್ಕೆ ಬಿದ್ದವು, ಗಾಡಿ ಹಾರಿತು. ಬಲಗಡೆ ಜೀಪು ನಮ್ಮ ಸರಿಸಮ. ಆಗಲೇ ಮೌಲಾಲಿಯ ರಬ್ಬರು ಕಡಿಯಿತು. ಗಾಳಿ ನುಗ್ಗಿ ಟೊಪ್ಪಿಗೆಯನ್ನು ಎತ್ತಿತು. ಕೀಲು ಕಿತ್ತು ಅದು ಹಿಂದಕ್ಕೆ ಹಾರಿತು. ಒಮ್ಮೆಲೇ ಬೆಳಕು. ನಾಲ್ಕು ಊರಿನ ಜನದೆದುರು ನಾನು, ನನ್ನ ಹೆಲ್ಮೆಟ್ಟು, ನನ್ನ ಹಿಂದೆ ಇಳಕಲ್ ಸೀರೆಯ ಸೆರಗು ಬಾವುಟದಂತೆ ಹಾರಿಸುತ್ತ ನಮ್ಮ ಅತ್ತೆ. ಅವರು ನಗುತ್ತಿದ್ದರು. ಬಾಯಿ ತುಂಬ, ಹೊಟ್ಟೆ ತುಂಬ. ನನಗೂ ನಗು ತಡೆಯಲಾಗಲಿಲ್ಲ. ಗೆರೆ ದಾಟಿದ್ದು ಯಾವಾಗ ಎಂದೇ ಗೊತ್ತಾಗಲಿಲ್ಲ. ಏರಿಯ ಬುಡದಲ್ಲಿ ಗಾಡಿ ನಿಂತ ಮೇಲೂ ಐದು ನಿಮಿಷ ಇಬ್ಬರೂ ಇಳಿಯದೆ ನಗುತ್ತ ಕುಳಿತಿದ್ದೆವು. ಗಾಡಿ ಮಗುಚಿದ್ದರೆ ಏನು ಗತಿ? ಆಗ ಹೊಳೆಯಲೇ ಇಲ್ಲ.

ನಾವೇ ಒಂದು ಮಾರು ಮುಂದಿದ್ದೆವಂತೆ. ಆದರೆ ಟೊಪ್ಪಿಗೆ ಗೆರೆಯ ಈಚೆಯೇ ಅಂಗಾತ ಬಿದ್ದಿತ್ತು. ದೊಡ್ಡ ವಾದವಾಯಿತು.

“ಅರ್ಧ ಗಾಡಿ ಬಂದೈತಿ, ಅರ್ಧ ಬಂದಿಲ್ಲ. ಇದು ಗೆದ್ದಂಗ ಹೆಂಗ ಆಗತೈತ್ರಿ?” ಎಂದರು ಗುರುಶಾಂತಪ್ಪ.

“ತಲಿ ಮ್ಯಾಲಿನ ಟೊಪ್ಪಿಗಿ ಗಾಳಿಗೆ ಹಾರಿದ್ರ ಮನಷ್ಯಾ ಊರು ಮುಟ್ಟಿಲ್ಲ ಅಂತೀರೇನ್ರಿ ಸಾವಕಾರ್ರ?” ಎಂದು ಮೌಲಾಲಿ ಕೇಳಿದ.

ಪಿ.ಟಿ. ಮಾಸ್ತರರು ನೋಟುಬುಕ್ಕಿನ ಎಲ್ಲ ಪುಟ ತಿರುವಿ, ಇದಕ್ಕೆ ಉತ್ತರ ಸಿಗದೆ, ಪೂರ್ತಿಯಾಗಿ ಬಂದ ಗಾಡಿಗೇ ಬಹುಮಾನದ ಢಾಲು ಎಂದು ಜೀಪಿಗೆ ಕೊಟ್ಟರು. ನಮ್ಮ ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ಆದರೆ ಜನ ಢಾಲಿನ ಕಡೆ ನೋಡಲೇ ಇಲ್ಲ. ರಟ್ಟೀಹಳ್ಳಿಯಿಂದ ಬಂದಿದ್ದ ಹೆಣ್ಣುಮಕ್ಕಳ ಗುಂಪೊಂದು ಅತ್ತೆಯನ್ನು ಸುತ್ತಿಕೊಂಡಿತ್ತು. “ಹೆದರಿಕಿ ಆಗಲಿಲ್ಲೇನವಾ?” ಎಂದು ಯಾರೋ ಕೇಳಿದರು. “ಹೊಡಿಯಾಕಿ ನಮ್ಮ ಸೊಸಿ ಅಲ್ಲೇನು? ಬಿ.ಎಸ್ಸಿ. ಫಸ್ಟ್ ಕ್ಲಾಸ್!” ಅಂದರು ಅತ್ತೆ.

ಎಂಟೇ ದಿನದಲ್ಲಿ ಒಂದು ಮುಂಜಾನೆ ಗುರುಶಾಂತಪ್ಪನ ಜೀಪು ನಮ್ಮ ಅಂಗಡಿಯ ಮುಂದೆ ನಿಂತಿತು. ಬಿಳಿ ಅಂಗಿಯವರು ಇಳಿದು, ಸ್ವಲ್ಪ ಹೊತ್ತು ಆಕಾಶ ನೋಡಿ, “ನಮ್ಮದಕ್ಕೂ ಅಚ್ಚು ಸರಸಿ ಕೊಡ್ರಿ” ಎಂದರು. ಮರುವರ್ಷದ ಓಟಕ್ಕೆ ಬಂದ ಗಾಡಿಗಳೆಲ್ಲ ಕೂತ ನಾಯಿಗಳೇ. ಯಾರೂ ನಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಸರವೇ ಆಯಿತು.

ಬಹಳ ವರ್ಷಗಳ ಮೇಲೆ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತ ಒಂದು ವಿಡಿಯೋ ಕಂಡು ಎದ್ದು ಕುಳಿತೆ. ಅಮೆರಿಕದಲ್ಲಿ, ಅರವತ್ತರ ದಶಕದಲ್ಲಿ, ಕಾಲು ಮೈಲಿಯ ನೆಟ್ಟನೆಯ ಓಟಕ್ಕೆ ಅಲ್ಲಿನ ಮೆಕ್ಯಾನಿಕರೂ ಇದನ್ನೇ ಮಾಡಿದ್ದರಂತೆ! ಹಿಂದಿನ ಗಾಲಿಗೆ ಭಾರ ಬೀಳಲೆಂದು ಸಾದಾ ಕಾರುಗಳ ಅಚ್ಚುಗಳನ್ನು ಮುಂದೆ ಸರಿಸಿದ್ದರಂತೆ. ನೋಡಿದ ಜನ ನಕ್ಕು ‘ಫನ್ನಿ ಕಾರ್’ ಅಂದರಂತೆ, ಹೆಸರು ಅದೇ ನಿಂತಿತಂತೆ. ಆಮೇಲೆ ಫೈಬರಿನ ಒಂದೇ ಮೈ, ಹಿಂದೆ ಕೀಲು, ಮುಂದಿನಿಂದ ಎತ್ತುವುದು. ಕಾಲು ಮೈಲಿ ಅಂದರೆ ಎರಡು ಫರ್ಲಾಂಗ್, ಲೆಕ್ಕ ಹಾಕಿ ನೋಡಿ. ನಮಗೆ ಅವರ ಸುದ್ದಿ ಗೊತ್ತಿರಲಿಲ್ಲ, ಅವರಿಗೆ ಗಂಗವ್ವ ಗೊತ್ತಿರಲಿಲ್ಲ.

ಅತ್ತೆಗೆ ಈಗ ಎಪ್ಪತ್ತೆರಡು. ಆವತ್ತಿನಿಂದ ಇವತ್ತಿನವರೆಗೆ ನಾವಿಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಆದರೆ ಆ ಅವಲಕ್ಕಿಯ ಮುಂಜಾನೆಯ ಬಗ್ಗೆ ನಾನು ಒಂದು ಮಾತೂ ಎತ್ತಿರಲಿಲ್ಲ. ಮಾತು ಶುರುವಾಯಿತಲ್ಲ, ಇನ್ನೇಕೆ ಎಂದು ಜಾರಿಕೊಂಡಿದ್ದೆ. ನಿನ್ನೆ ಆ ವಾಸನೆ ಬಡಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಸಂಜೆ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ಮೊದಲು ಅಮೆರಿಕದ ವಿಡಿಯೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಇವ್ರ ಹಿಂದ ಯಾರೂ ಕುಂತಿಲ್ಲಲ್ಲ. ಪಾಪ,” ಅಂದರು.

ಆಮೇಲೆ ನಾನು ಹೇಳಿಬಿಟ್ಟೆ. “ಅತ್ತಿ, ಬೀಗರ ಮುಂದ ನಿಮ್ಮ ಮಾತಿಗೆ ನಕ್ಕಿದ್ನಲ್ರಿ. ಅದು ತಪ್ಪಾತ್ರಿ.”

ಅವರು ನಾಲ್ಕು ಕಾಯಿ ಸುಲಿದರು. “ಹದಿನಾರು ವರ್ಷ ಬೇಕಾತೇನು ಅದನ್ನ ಹೇಳಾಕ?”

“ಸಿಟ್ಟು ಇದ್ರೂ ನೀವು ಗಾಡಿ ಹತ್ತಿದ್ರಿ. ಅವತ್ತು ನಿಮ್ಮ ತೂಕ ಇರದಿದ್ರ ನಾವು...”

“ತೂಕಾ?” ಅತ್ತೆ ನನ್ನ ಕಡೆ ತಿರುಗಿದರು. “ತೂಕದ ನೆವ ಆ ಪಿ.ಟಿ. ಮಾಸ್ತರ್ಗೆ ಅಷ್ಟವಾ. ಸ್ಟೇರಿಂಗ್ ಹಿಡದ ನಿನ್ನ ಕೈ ಗಡಗಡ ನಡಗಾಕತ್ತಿದ್ವು. ಬಳಿ ಸಪ್ಪಳ ಹೊರಗ ನಿಂತಾಕಿಗೆ ನನಗ ಕೇಳತಿತ್ತು. ಅಷ್ಟು ಮಂದ್ಯಾಗ ನಿನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ?”

ಪ್ರತಿ ವರ್ಷ ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವಾಗ ನಾನು ಈ ಕಥೆಯನ್ನೇ ಲೆಕ್ಕವಾಗಿ ಕೊಡುತ್ತೇನೆ. ಹಿಂದಿನ ಅಚ್ಚಿನ ಮೇಲೆ ಅರವತ್ತೆಂಟು ಕಿಲೋ ಬಿದ್ದರೆ ಹಿಡಿತ ಎಷ್ಟು ಹೆಚ್ಚೀತು? ಮಕ್ಕಳು ಬಿಡಿಸುತ್ತಾರೆ, ನಾನು ಸರಿ ಗುರುತು ಹಾಕುತ್ತೇನೆ. ಇಷ್ಟು ವರ್ಷ ಹಾಕಿದ್ದೇನೆ. ಮರುದಿನ ಮತ್ತೆ ಅದೇ ಪಾಠವಿತ್ತು.

“ಅತ್ತಿ, ನಾಳೆ ನಮ್ಮ ಸಾಲಿಗೆ ಬರ್ರಿ. ಈ ಕಥಿ ನೀವ ಹೇಳ್ರಿ. ಮುಂಜಾನೆ ಕಾರಿನ್ಯಾಗ ಕರಕೊಂಡ ಹೋಗ್ತೇನಿ,” ಅಂದೆ.

ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತರು.

“ಬರ್ತೇನಿ. ಆದ್ರ ಮೊನ್ನೆ ಸಂತಿಗೆ ಹೋದಂಗ ಹಗೂರ ಹೊಡಿಯೂದಿದ್ರ ಮೊದಲ ಹೇಳು, ನಾ ಬಸ್ಸಿಗೆ ಬರ್ತೇನಿ.”